ಮನೆಯಂಗಳದ ಪ್ರವಾಸ: ಹುಕ್ಕೇರಿಯ ಗುಮ್ಮಟದಿಂದ ಗೋಕಾಕದ ಜಲಪಾತದವರೆಗೆ

ದೀಪಾವಳಿ ಮುಗಿದು ಚಳಿ ಬಿತ್ತೆಂದರೆ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಮೈಸೂರು, ಬೇಲೂರು, ಹಳೇಬೀಡು ಎಂದು ಹಲಗೆಯ ಮೇಲೆ ಹೆಸರು ಬೀಳುತ್ತವೆ. ಹನ್ನೆರಡು ವರ್ಷಗಳ ಹಿಂದೆ ಹೀಗೆಯೇ ಹೆಸರು ಬರೆದುಕೊಳ್ಳುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ನಾ ಬರೂದಿಲ್ರಿ ಸರ್" ಎಂದಳು. ಕಾರಣ ಕೇಳುವ ಅಗತ್ಯವಿರಲಿಲ್ಲ. ಅವಳ ಮನೆಯವರು ಕಬ್ಬು ಕಡಿಯಲು ಹೋಗುವವರು. ಆ ವರ್ಷ ತರಗತಿಯ ಕಾಲುಭಾಗ ಮಕ್ಕಳು ಊರಲ್ಲೇ ಉಳಿದರು.

ಬಸ್ಸು ಹೊರಟ ಮೇಲೆ ಉಳಿದ ಮಕ್ಕಳನ್ನು ಕರೆದು, "ಈ ರವಿವಾರ ನಾವೂ ಪ್ರವಾಸ ಹೋಗೋಣ" ಎಂದೆ. "ನಮ್ಮ ಕಡೆ ನೋಡೂದು ಏನೈತ್ರಿ ಸರ್?" ಎಂದು ಅದೇ ಹುಡುಗಿ ಕೇಳಿದಳು. ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ಒಂದು ರವಿವಾರ ಸಾಲಲಿಲ್ಲ. ಅಂದಿನಿಂದ ಪ್ರತಿ ವರ್ಷ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳಲ್ಲಿ ಬೆಳಿಗ್ಗೆ ಹೋಗಿ ಸಂಜೆ ಮರಳುವ ಪ್ರವಾಸ ಮಾಡುತ್ತ ಬಂದಿದ್ದೇವೆ. ಖರ್ಚು ಕೆಂಪು ಬಸ್ಸಿನ ಟಿಕೀಟು ಮಾತ್ರ. ಬುತ್ತಿ ಮನೆಯದು.

ಹುಕ್ಕೇರಿ: ಗುಮ್ಮಟ ಮತ್ತು ಕಾರಂಜಿ

ಮೊದಲ ದಿನ ಹುಕ್ಕೇರಿ. ಇಲ್ಲಿಂದ ವಿಜಾಪುರದ ಸುಲ್ತಾನರಿಗೆ ಹೂವು ಹೋಗುತ್ತಿತ್ತು, 'ಹೂವಿನ ಕೇರಿ'ಯೇ ಹುಕ್ಕೇರಿಯಾಯಿತು ಎಂದು ಹಿರಿಯರು ಹೇಳುತ್ತಾರೆ. ಊರಿನಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ. ಇವು ಹದಿನಾರನೆಯ ಶತಮಾನದವು. 1656ರಲ್ಲಿ ಮುಗಿದ ವಿಜಾಪುರದ ಗೋಲಗುಮ್ಮಟಕ್ಕಿಂತ ಹಳೆಯವು ಎಂದರೆ ಮಕ್ಕಳಿಗೆ ಅಚ್ಚರಿ. ಗೋಲಗುಮ್ಮಟ ನೋಡಲು ರೊಕ್ಕ ಕೂಡಿಸುವ ನಾವು ಅದರ ಅಣ್ಣಂದಿರನ್ನು ಬಸ್ಸಿನ ಕಿಟಕಿಯಿಂದಲೂ ನೋಡುವುದಿಲ್ಲ.

ಗುಮ್ಮಟದ ಒಳಗೆ ನಿಂತು ಮಕ್ಕಳಿಗೆ ಒಂದೇ ಪ್ರಶ್ನೆ ಹಾಕುತ್ತೇನೆ: ಕೆಳಗೆ ಕೋಣೆ ಚೌಕ, ಮೇಲೆ ಗುಮ್ಮಟ ದುಂಡಗೆ. ಚೌಕದ ಮೇಲೆ ದುಂಡು ಕೂತದ್ದು ಹೇಗೆ? ತಲೆ ಎತ್ತಿ ಮೂಲೆಗಳನ್ನು ನೋಡಿದರೆ ಉತ್ತರ ಅಲ್ಲಿಯೇ ಇದೆ. ಕಮಾನುಗಳು ಚೌಕವನ್ನು ಮೊದಲು ಎಂಟು ಮೂಲೆಯನ್ನಾಗಿ ಮಾಡಿ, ಬಳಿಕ ವೃತ್ತಕ್ಕೆ ಒಯ್ಯುತ್ತವೆ. ಕಬ್ಬಿಣದ ಸರಳಿಲ್ಲ, ಸಿಮೆಂಟಿಲ್ಲ. ಕಲ್ಲು ಕಲ್ಲನ್ನು ಒತ್ತಿ ಹಿಡಿದು ನಾಲ್ಕೂವರೆ ಶತಮಾನ ನಿಂತಿದೆ.

ಹಳೆಯ ಹುಕ್ಕೇರಿಯ ಇನ್ನೊಂದು ಹೆಚ್ಚುಗಾರಿಕೆ ನೀರಿನದು. ಊರ ಹೊರಗಿನ ಸೆಲೆಯಿಂದ ನೆಲದೊಳಗಿನ ಮಣ್ಣಿನ ಕೊಳವೆಗಳ ಮೂಲಕ ಊರಿನ ಕಾರಂಜಿಗೆ ನೀರು ತಂದಿದ್ದರು. ಪಂಪು ಇರಲಿಲ್ಲ. ನೀರು ತನ್ನ ಮಟ್ಟವನ್ನು ತಾನೇ ಹುಡುಕಿಕೊಳ್ಳುತ್ತದೆ ಎಂಬ ಪಾಠವನ್ನು ನಾವು ಗಾಜಿನ ಕೊಳವೆಯಲ್ಲಿ ತೋರಿಸುತ್ತೇವೆ. ಆ ಕಾಲದ ಕೆಲಸಗಾರರು ಅದನ್ನು ಒಂದಿಡೀ ಊರಿಗೆ ಮಾಡಿ ತೋರಿಸಿದ್ದರು.

ಈಗಿನ ಹುಕ್ಕೇರಿಗೂ ಒಂದು ಹಿರಿಮೆಯಿದೆ. 1969ರಲ್ಲಿ ಆರಂಭವಾದ ಇಲ್ಲಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕರ್ನಾಟಕದಲ್ಲಿ ಈ ಬಗೆಯ ಒಂದೇ ಸಂಸ್ಥೆ. ಊರವರೇ ಸದಸ್ಯರಾಗಿ ತಮ್ಮ ಹಳ್ಳಿಗಳಿಗೆ ದೀಪ ಹಚ್ಚಿಕೊಂಡ ಕತೆಯಿದು. ಸಮಾಜ ವಿಜ್ಞಾನದ ಶಿಕ್ಷಕರು ಜೊತೆಗಿದ್ದರೆ ಸಹಕಾರ ಚಳವಳಿಯ ಪಾಠ ಇಲ್ಲಿಯೇ ಮುಗಿಯುತ್ತದೆ.

ಹಿಡಕಲ್: ನೀರಿನಡಿಯ ಊರು

ಎರಡನೆಯ ದಿನ ಹಿಡಕಲ್ ಜಲಾಶಯ. ಘಟಪ್ರಭೆಗೆ ಕಟ್ಟಿದ ಈ ಅಣೆಕಟ್ಟಿಗೆ ಶಿಕ್ಷಣಕ್ಕೆ ಕೈಯೆತ್ತಿ ದಾನ ಮಾಡಿದ ವಂಟಮುರಿಯ ರಾಜಾ ಲಖಮಗೌಡರ ಹೆಸರಿದೆ. ಬೆಳಗಾವಿಯ ವಿಜ್ಞಾನ ಕಾಲೇಜಿಗೂ ಅವರದೇ ಹೆಸರು. ಜಲಾಶಯದಲ್ಲಿ 51 ಟಿಎಂಸಿ ನೀರು ನಿಲ್ಲುತ್ತದೆ. ಟಿಎಂಸಿ ಎಂಬುದು ಪತ್ರಿಕೆಯಲ್ಲಿ ದಿನವೂ ಓದುವ ಪದ, ಅರ್ಥ ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2 ಕೋಟಿ 83 ಲಕ್ಷ ಘನ ಮೀಟರ್.

ಈ ಲೆಕ್ಕವನ್ನು ಮಕ್ಕಳಿಂದ ಮಾಡಿಸುತ್ತಿದ್ದಾಗ ಆ ಹುಡುಗಿ ಪುಸ್ತಕ ಮುಚ್ಚಿ ನೀರನ್ನೇ ನೋಡುತ್ತ ಕುಳಿತಿದ್ದಳು. ಏನವ್ವಾ ಎಂದು ಕೇಳಿದೆ. "ನಮ್ಮ ಆಯಿ ಹುಟ್ಟಿದ ಊರು ಇದರೊಳಗ ಐತ್ರಿ ಸರ್. ನಾ ಇವತ್ತ ನೋಡೀನಿ" ಎಂದಳು. ಉಳಿದ ಮಕ್ಕಳು ಸುಮ್ಮನಾದರು. ಜಲಾಶಯಕ್ಕಾಗಿ ಊರುಗಳು ಮುಳುಗಿದವು ಎಂದು ನಾನು ವರ್ಷಗಟ್ಟಲೆ ಒಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತಿದ್ದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹುನ್ನೂರಿನ ವಿಠ್ಠಲ ಮಂದಿರ ನೀರಿನಿಂದ ಮೇಲೆದ್ದು ಕಾಣುವುದುಂಟು, ಜನ ಹೋಗಿ ಕೈಮುಗಿದು ಬರುತ್ತಾರೆ. ನಮ್ಮ ಗದ್ದೆಯ ಹಸಿರಿಗೆ ಯಾರೋ ತಮ್ಮ ಮನೆಯ ಹೊಸ್ತಿಲನ್ನು ಕೊಟ್ಟಿದ್ದಾರೆ ಎಂಬುದನ್ನು ಅಂದಿನಿಂದ ನಾನು ಪಾಠದಲ್ಲಿ ಬಿಡುವುದಿಲ್ಲ.

ಹಿಡಕಲ್‌ನಿಂದ ಹೊಳೆಯ ಜಾಡು ಹಿಡಿದರೆ ಘೋಡಗೇರಿ ಸಿಗುತ್ತದೆ. 2010ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದ ಚಂದ್ರಶೇಖರ ಕಂಬಾರರು 1937ರಲ್ಲಿ ಹುಟ್ಟಿದ ಊರು. ಮುಂದೆ ಘಟಪ್ರಭಾ ರೈಲು ನಿಲ್ದಾಣದ ಹತ್ತಿರ ಧೂಪದಾಳದ ಒಡ್ಡು. ಬ್ರಿಟಿಷರ ಕಾಲದಲ್ಲಿ, 1897ರ ಹೊತ್ತಿಗೆ ಮುಗಿದ ಕೆಲಸ. ಅದರ ಹಿನ್ನೀರಿನ ಸುತ್ತ 1974ರಲ್ಲಿ ಪಕ್ಷಿಧಾಮ ಘೋಷಣೆಯಾಯಿತು. ಚಳಿಗಾಲದಲ್ಲಿ ಡೆಮೊಯ್ಸೆಲ್ ಕ್ರೇನ್‌ಗಳೂ ಬಿಳಿ ಕೊಕ್ಕರೆಗಳೂ ಸಾವಿರಾರು ಮೈಲಿ ಹಾರಿ ಇಲ್ಲಿಗೆ ಬರುತ್ತವೆ. ಪಾಸುಪೋರ್ಟಿಲ್ಲದ ಈ ಅತಿಥಿಗಳನ್ನು ನೋಡಬೇಕಾದರೆ ಬೆಳಿಗ್ಗೆ ಬೇಗ ಹೋಗಬೇಕು, ಗದ್ದಲ ಮಾಡಬಾರದು.

ಗೋಕಾಕ: ಮೂರು ಸೆಕೆಂಡಿನ ಪಾಠ

ಮೂರನೆಯ ದಿನ ಗೋಕಾಕ ಜಲಪಾತ, ಊರಿನಿಂದ ಸುಮಾರು 6 ಕಿ.ಮೀ. ಕುದುರೆಯ ಲಾಳದ ಆಕಾರದ ಬಂಡೆಯ ಅಂಚಿನಿಂದ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುತ್ತದೆ. ಜಗತ್ಪ್ರಸಿದ್ಧ ನಯಾಗರದ ಲಾಳದ ಜಲಪಾತ ಸುಮಾರು 57 ಮೀಟರ್. ಅಗಲದಲ್ಲಿ ಅದು ಬಹಳ ದೊಡ್ಡದು, ಎತ್ತರದಲ್ಲಿ ನಮ್ಮದೇನೂ ಬಹಳ ಕಡಿಮೆಯಿಲ್ಲ.

ಇಲ್ಲಿ ಕುಳಿತು ಒಂದು ಲೆಕ್ಕ ಮಾಡಬಹುದು. 52 ಮೀಟರ್ ಬೀಳಲು ನೀರಿನ ಹನಿಗೆ ಎಷ್ಟು ಹೊತ್ತು ಬೇಕು? ಗಾಳಿಯ ತಡೆ ಬಿಟ್ಟರೆ ಸುಮಾರು 3.3 ಸೆಕೆಂಡು. ತಳ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 115 ಕಿ.ಮೀ. ಸೆಕೆಂಡಿಗೆ ಒಂದು ಘನ ಮೀಟರ್ ನೀರು ಬಿದ್ದರೆ ಅದರಲ್ಲಿ ಸುಮಾರು 510 ಕಿಲೋವ್ಯಾಟ್ ಶಕ್ತಿ. ಈ ಶಕ್ತಿಯನ್ನು ಕಂಡವರೇ 1885ರಲ್ಲಿ ಇಲ್ಲಿ ನೂಲಿನ ಗಿರಣಿಯ ಕಂಪನಿ ತೆರೆದರು. 1887ರಲ್ಲಿ ಬೀಳುವ ನೀರು ಗಿರಣಿಗೆ ದುಡಿಯತೊಡಗಿತು. ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದ್ದು 1902ರಲ್ಲಿ ಎಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ.

ಜಲಪಾತದ ಬಳಿಯ ತೂಗುಸೇತುವೆ ಸುಮಾರು 200 ಮೀಟರ್ ಉದ್ದ. ಪಕ್ಕದಲ್ಲಿ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ದೇವಾಲಯವಿದೆ. ಸಮೀಪದ ಕೊಣ್ಣೂರಿನಲ್ಲಿ ಬೃಹತ್ ಶಿಲಾಯುಗದ ಕಲ್ಲುಗೋರಿಗಳಿವೆ. ಸಮಯ ಉಳಿದರೆ ಮಾರ್ಕಂಡೇಯ ನದಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗೊಡಚಿನಮಲ್ಕಿಗೆ ಹೋಗಬಹುದು. ಮರಳುವಾಗ ಗೋಕಾಕದ ಪೇಟೆಯಲ್ಲಿ ಕಟ್ಟಿಗೆಯ ಬಣ್ಣದ ಗೊಂಬೆ ನೋಡಿ, ಕರದಂಟು ಕೊಳ್ಳದೆ ಯಾರೂ ಬಸ್ಸು ಹತ್ತುವುದಿಲ್ಲ. ಕರಿದ ಅಂಟು ಸೇರಿದ್ದರಿಂದಲೇ ಅದು ಕರದಂಟು.

ಇನ್ನೊಂದು ದಿನ ಸಿಕ್ಕರೆ, ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿಯ ಕಡೆ ಹೊರಡಿರಿ. ಎಡದಂಡೆ ಕಾಲುವೆಯ ನೀರು ಈ ಸೀಮೆಯ ಬದುಕನ್ನು ಹೇಗೆ ಬದಲಿಸಿತು ಎಂಬುದನ್ನು ರೈತರ ಬಾಯಿಂದಲೇ ಕೇಳಬಹುದು. ಶ್ರೀಕೃಷ್ಣ ಪಾರಿಜಾತದ ತಮ್ಮಣ್ಣನ ಕುಲಗೋಡವೂ, ಆ ಆಟದಲ್ಲಿ ಹೆಸರಾದ ನಿಂಗಮ್ಮನ ಕೌಜಲಗಿಯೂ ಇದೇ ಭಾಗದವು.

ಹೊಳೆಯನ್ನು ಓದುವುದು

ಇದೆಲ್ಲ ಪರೀಕ್ಷೆಗೆ ಬರುತ್ತದೆಯೇ ಎಂದು ಪಾಲಕರು ಕೇಳುತ್ತಾರೆ. 2019ರ ಆಗಸ್ಟಿನಲ್ಲಿ ಪರೀಕ್ಷೆ ಬಂತು. ಹಿಡಕಲ್‌ನಿಂದ ಬಿಟ್ಟ ನೀರಿಗೆ ಕೆಳಗೆ ಹಿರಣ್ಯಕೇಶಿ ಸೇರಿತು, ಗೋಕಾಕದ ಹತ್ತಿರ ಮಾರ್ಕಂಡೇಯವೂ ಸೇರಿತು. ಗೋಕಾಕದ ಓಣಿಗಳಲ್ಲಿ ನೀರು ನಿಂತಿತು, ಲೋಳಸೂರ ಸೇತುವೆ ಮುಳುಗಿತು. ಮೂರು ಹೊಳೆಗಳು ಎಲ್ಲಿ ಕೂಡುತ್ತವೆ ಎಂಬುದನ್ನು ಕಣ್ಣಾರೆ ಕಂಡಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಹಿಡಕಲ್‌ನ ಹೊರಹರಿವಿನ ಸುದ್ದಿ ಕೇಳಿದ ಕೂಡಲೇ ಹೊಳೆದಂಡೆಯ ತನ್ನ ಮನೆಯ ದನ, ಕಾಳು, ಕಾಗದಪತ್ರಗಳನ್ನು ಎತ್ತರದ ಜಾಗಕ್ಕೆ ಸಾಗಿಸಿದ. "ಹೊಳಿ ಮನೀತನಕ ಬರೂದಿಲ್ಲೊ" ಎಂದಿದ್ದರಂತೆ ಅವರಪ್ಪ. ಮರುದಿನ ಬಂತು.

ಹೊರಡುವ ಮುನ್ನ ಕೆಲವು ಮಾತು. ಜಲಪಾತಕ್ಕೆ ಜುಲೈಯಿಂದ ಸೆಪ್ಟೆಂಬರ್, ಹಕ್ಕಿಗಳಿಗೆ ಚಳಿಗಾಲ ಒಳ್ಳೆಯದು. ಅಣೆಕಟ್ಟಿಗೆ ಮುಂಚಿತವಾಗಿ ಅನುಮತಿ ಕೇಳಿರಿ. ಜಲಪಾತದ ಬಂಡೆ ಪಾಚಿಗಟ್ಟಿ ಜಾರುತ್ತದೆ. ಫೋಟೋ ತೆಗೆಯಲು ಅಂಚಿಗೆ ಹೋದ ಮಗುವಿಗೆ ಹಿಂದೆ ಸರಿಯಲು 3.3 ಸೆಕೆಂಡೂ ಸಿಗುವುದಿಲ್ಲ. ಮಳೆಗಾಲದಲ್ಲಿ ಮಕ್ಕಳನ್ನು ನೀರಿಗೆ ಇಳಿಸಲೇಬೇಡಿರಿ.

ದೂರದ ಪ್ರವಾಸ ಬೇಡವೆಂದು ನಾನು ಹೇಳುವುದಿಲ್ಲ. ಮೈಸೂರಿನ ಅರಮನೆಯನ್ನೂ ಮಕ್ಕಳು ನೋಡಲಿ. ಆದರೆ ಹಣವಿಲ್ಲದ ಕಾರಣಕ್ಕೆ ಒಂದು ಮಗುವೂ ಊರಲ್ಲಿ ಉಳಿಯದಂತಹ ಪ್ರವಾಸ ವರ್ಷಕ್ಕೆ ಒಂದಾದರೂ ಇರಲಿ. ಆ ಹುಡುಗಿ ಈಗ ಪ್ರಾಥಮಿಕ ಶಾಲೆಯ ಶಿಕ್ಷಕಿ. ಕಳೆದ ಜನವರಿಯಲ್ಲಿ ಫೋನು ಮಾಡಿದ್ದಳು: "ಸರ್, ನಮ್ಮ ಹುಡುಗರನ್ನ ಹಿಡಕಲ್‌ಗೆ ಕರಕೊಂಡ ಹೊಂಟೀನ್ರಿ. ಆಯೀನೂ ಬರತಾಳ."