ಹೊಳೆಯ ತಳದ ಓದು: ಅಂಬಿಗನ ಗಳ ಮತ್ತು ಸೋನಾರ್

ಇಂಡಿ ತಾಲ್ಲೂಕಿನ ಅಗರಖೇಡವು ಭೀಮಾ ತೀರದ ಗ್ರಾಮ. ಇಂತಹ ಹೊಳೆಸಾಲಿನ ಊರುಗಳ ಜನಪದರು ಕಣ್ಣಿಗೆ ಕಾಣದ ನದೀತಳವನ್ನೂ ಹೆಸರಿಟ್ಟು ಗುರುತಿಸುತ್ತ ಬಂದಿದ್ದಾರೆ. ಮಡು, ಸುಳಿ, ಸೆಳವು ಎಂಬ ಮಾತುಗಳು ಆ ತಳದ ಮೌಖಿಕ ನಕ್ಷೆಯೇ ಆಗಿವೆ. ಅಂಬಿಗನು ಊರಿದ ಗಳಕ್ಕೆ ಬಂಡೆ ತಾಗಿದರೆ ಒಂದು ಬಗೆ, ಮರಳು ತಾಗಿದರೆ ಮತ್ತೊಂದು ಬಗೆ. ಕೆಸರಾದರೆ ಗಳ ಹೂತುಹೋಗುತ್ತದೆ. ಈ ಅಂಗೈಯ ಅರಿವಿಗೂ, ಸೇತುವೆ, ಬಾಂದಾರ, ಅಣೆಕಟ್ಟುಗಳ ತಪಾಸಣೆಗೆ ಇಂದು ಬಳಕೆಯಾಗುತ್ತಿರುವ ಸೋನಾರ್ ಹಾಗೂ ನೀರೊಳಗಿನ ರೋಬಾಟ್‌ಗಳಿಗೂ ಇರುವ ಸಂಬಂಧವು ವಿಚಾರಯೋಗ್ಯವಾಗಿದೆ.

ನೆರೆಯ ನೀರು ಸೇತುವೆಯ ಕಂಬಕ್ಕೆ ಅಪ್ಪಳಿಸಿ ಕೆಳಮುಖವಾಗಿ ತಿರುಗಿ ಬುಡದ ಮಣ್ಣನ್ನು ತೋಡುತ್ತದೆ. ನೆರೆ ಇಳಿಯುವಾಗ ಅದೇ ಗುಂಡಿಯಲ್ಲಿ ಹೂಳು ತಂಗುತ್ತದೆ. ಬೇಸಿಗೆಯಲ್ಲಿ ಬಂದು ನೋಡುವವರಿಗೆ ತಳವು ಸಮತಟ್ಟು. ಆದರೆ ಆ ಹೂಳು ಸಡಿಲವಾದುದು, ಮುಂದಿನ ನೆರೆಗೆ ಮೊದಲು ಕೊಚ್ಚಿಹೋಗುವುದೂ ಅದೇ. ಕಟ್ಟಡದ ದೋಷ ಕಾಣದಾದಾಗ ಜನಪದವು ಅದನ್ನು ದೈವದ ಬೇಡಿಕೆಯೆಂದು ಓದಿದುದುಂಟು. ‘ಕೆರೆಗೆ ಹಾರ’ದ ಭಾಗೀರಥಿ ಆ ಓದಿಗೆ ಬಲಿಯಾದವಳು.

ಬೆಳಕು ಸೋಲುವ ರಾಡಿ ನೀರಿನಲ್ಲಿಯೂ ಧ್ವನಿ ಸಾಗುತ್ತದೆ. ಸಿಹಿನೀರಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್. ಸೋನಾರ್ ಕಳುಹಿಸಿದ ಧ್ವನಿಯು ತಳಕ್ಕೆ ತಾಗಿ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಮರಳಿದರೆ ಆಳವು ಸುಮಾರು 7.4 ಮೀಟರ್ ಎಂದಾಯಿತು. ಇಂತಹ ಸಾವಿರಾರು ಅಳತೆಗಳು ಕೂಡಿದಾಗ ಗುಂಡಿಯ ಆಕಾರ ಮೂಡುತ್ತದೆ. ಮೇಲಿನಿಂದ ಕೇಬಲ್ ಮೂಲಕ ನಡೆಸುವ ರೋಬಾಟ್ ಸೋನಾರನ್ನೂ ಕ್ಯಾಮೆರಾವನ್ನೂ ಹೊತ್ತು, ಮುಳುಗುತಜ್ಞರು ಹೆಚ್ಚು ಹೊತ್ತು ನಿಲ್ಲಲಾಗದ ಆಳದಲ್ಲಿ ಗೋಡೆಯ ಬಿರುಕುಗಳನ್ನು ಹುಡುಕಬಲ್ಲದು. ಆದರೆ ಸಾಮಾನ್ಯ ಸೋನಾರ್ ಹೂಳಿನ ಮೇಲ್ಮೈಯನ್ನಷ್ಟೇ ಹೇಳುತ್ತದೆ; ಹೂಳು ಮುಚ್ಚಿದ ಹಳೆಯ ಗುಂಡಿಯನ್ನು ಅರಿಯಲು ಕಡಿಮೆ ಕಂಪನಾಂಕದ ಧ್ವನಿ ಬೇಕಾಗುತ್ತದೆ. ಗಳ ಹೂತುಹೋಗುವುದನ್ನು ಕಂಡು ಅಂಬಿಗನು ತಿಳಿಯುತ್ತಿದ್ದುದೂ ಇದನ್ನೇ.

2024ರ ಮಳೆಗಾಲದಲ್ಲಿ ಈ ವಿಷಯ ಕರ್ನಾಟಕದ ಗಮನಕ್ಕೆ ಬಂದಿತು. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿ ನದಿಯ ಪಾಲಾದ ಲಾರಿಯ ಶೋಧಕ್ಕೆ ಸೋನಾರ್ ಬಳಸಲಾಯಿತು. ಸೆಳವಿನಿಂದಾಗಿ ಮುಳುಗುತಜ್ಞರಿಗೆ ಇಳಿಯುವುದೇ ದುಸ್ತರವಾಗಿ, ಹೂಳೆತ್ತುವ ಯಂತ್ರ ಬಂದ ಮೇಲೆ ಸೆಪ್ಟೆಂಬರ್ 25ರಂದು ಲಾರಿ ದೊರೆಯಿತು. ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಇವುಗಳನ್ನೆಲ್ಲ ಯಂತ್ರವೊಂದು ತಪ್ಪಿಸುತ್ತಿತ್ತು ಎಂಬ ವಾದ ಅತಿರೇಕದ್ದಾದೀತು. ಸರಪಳಿಯ ಸವೆತಕ್ಕೆ ಸೋನಾರ್ ಬೇಕಿಲ್ಲ.

ಇಲ್ಲಿ ಒಂದು ವೈಪರೀತ್ಯವನ್ನು ಗಮನಿಸಬೇಕು. ಸೇತುವೆಗಳು ಬಂದಂತೆ ದೋಣಿಗಳ ಸಂಚಾರ ಕುಗ್ಗಿತು. ಯಾವ ನೆರೆಗೆ ಯಾವ ದಂಡೆ ತೋಡಿತು, ಮಡು ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬ ಅಂಬಿಗರ ನೆನಪೂ ಅದರೊಂದಿಗೆ ಕರಗುತ್ತಿದೆ. ಸೇತುವೆಯ ಬುಡವನ್ನು ಕಾಯಲು ಬೇಕಾದ ತಿಳಿವಳಿಕೆಯನ್ನು ಸೇತುವೆಯೇ ಅಳಿಸಿದಂತಾಯಿತು. ಸೋನಾರ್ ಅಳೆಯುವುದು ಇಂದಿನ ತಳವನ್ನು. ಐವತ್ತು ವರ್ಷಗಳ ಹಿಂದಿನದನ್ನಲ್ಲ. ಭೀಮಾ ತೀರದಲ್ಲಿ ಸಮೀಕ್ಷೆ ಕೈಗೊಳ್ಳುವವರು ಹಿರಿಯ ಅಂಬಿಗರಿಂದ ಮಡುಗಳ ಹೆಸರು, ನೆಲೆಗಳನ್ನು ಮೊದಲು ಬರೆದುಕೊಂಡರೆ, ಯಂತ್ರವನ್ನು ಯಾವ ಕಂಬದ ಬಳಿ ಮೊದಲು ಇಳಿಸಬೇಕೆಂಬುದು ತಿಳಿದೀತು.