ಮೀನು ಕೃಷಿಕರಿಗೆ ತಂಪು ಕನ್ನಡಕ: ಕೊಳ್ಳುವ ಮುನ್ನ ಪರೀಕ್ಷಿಸಿ

ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ನಿಮ್ಮ ಮೀನುಕೊಳದ ಏರಿಯ ಮೇಲೆ ನಿಂತು ನೋಡಿ. ನೀರಿನ ಮೈಯೆಲ್ಲ ಬೆಳ್ಳಗೆ ಹೊಳೆಯುತ್ತಿರುತ್ತದೆ. ಕಣ್ಣು ತಾನಾಗಿ ಕಿರಿದಾಗುತ್ತದೆ. ಆ ಹೊಳಪಿನ ಕೆಳಗೆ ಕಾಟ್ಲಾ ಮೀನು ಚುರುಕಾಗಿ ಓಡಾಡುತ್ತಿದೆಯೋ, ಹೇನು ತಗುಲಿದ ಮೀನು ದಡಕ್ಕೆ ಮೈ ಉಜ್ಜುತ್ತಿದೆಯೋ, ಮೈಮೇಲೆ ಕೆಂಪು ಹುಣ್ಣು ಎದ್ದಿದೆಯೋ ತಿಳಿಯುವುದಿಲ್ಲ. ಸತ್ತ ಮೀನು ತೇಲಿ ಬಂದ ಮೇಲೆ ಕಾಣುತ್ತದೆ. ಆಗ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಕೆರೆಯಲ್ಲಿ ಬೀಸುಬಲೆ ಹಾಕುವವರಿಗೂ, ಗಾಳ ಹಿಡಿದು ಕೂರುವವರಿಗೂ ಇದೇ ತೊಂದರೆ.

ಈ ಹೊಳಪನ್ನು ಕಳೆಯುವ ಕನ್ನಡಕವೊಂದು ಇದೆ. ಇದನ್ನು ಪೋಲರೈಸ್ಡ್ ಕನ್ನಡಕವೆಂದು ಕರೆಯುತ್ತಾರೆ. ನೋಡುವುದಕ್ಕೆ ಸಾಮಾನ್ಯ ಕಪ್ಪು ಕನ್ನಡಕದಂತೆಯೇ ಇರುತ್ತದೆ. ಮೋಸ ಹೋಗುವುದೂ ಅಲ್ಲಿಯೇ.

ಕೆಲಸದ ರೀತಿ ಸರಳವಾಗಿದೆ. ಬೇಲಿಯ ನಿಂತ ಗಳಗಳ ಸಂದಿಯಲ್ಲಿ ಒಂದು ಹಗ್ಗ ತೂರಿಸಿ ಮೇಲೆ ಕೆಳಗೆ ಅಲುಗಿಸಿ. ಅಲೆ ಆಚೆಗೆ ದಾಟುತ್ತದೆ. ಅಡ್ಡಡ್ಡ ಅಲುಗಿಸಿದರೆ ಗಳಕ್ಕೆ ಬಡಿದು ಅಲ್ಲೇ ನಿಲ್ಲುತ್ತದೆ. ಬೆಳಕೂ ಕಂಪಿಸುತ್ತಾ ಸಾಗುತ್ತದೆ. ನೀರಿನ ಮೇಲ್ಮೈಗೆ ತಾಗಿ ಹಿಂದಿರುಗುವ ಬೆಳಕಿನಲ್ಲಿ ಹೆಚ್ಚಿನ ಪಾಲು ಅಡ್ಡಡ್ಡ ಕಂಪಿಸುವಂಥದು. ಈ ಕನ್ನಡಕದ ಹಾಳೆ ನಿಂತ ಬೇಲಿಯಂತೆ ಅದನ್ನು ತಡೆದು, ನೀರಿನ ಒಳಗಿನಿಂದ ಬರುವ ಬೆಳಕಿಗೆ ದಾರಿ ಬಿಡುತ್ತದೆ. ಇಂಥ ಹಾಳೆಗೆ ಅಮೆರಿಕದ ಎಡ್ವಿನ್ ಲ್ಯಾಂಡ್ 1929ರಲ್ಲಿ ಪೇಟೆಂಟು ಕೋರಿದರು.

ನೇರ ಕೆಳಗೆ ನೋಡಿದರಾಗಲಿ, ಬಹಳ ದೂರಕ್ಕೆ ನೋಡಿದರಾಗಲಿ ಪೂರ್ತಿ ಪ್ರಯೋಜನ ಸಿಗುವುದಿಲ್ಲ. ನೆಟ್ಟಗಿನ ರೇಖೆಯಿಂದ ಸುಮಾರು 53 ಡಿಗ್ರಿ ಓರೆಯಾಗಿ ನೋಡಿದಾಗ ಹೊಳಪು ಅತಿ ಹೆಚ್ಚು ಕಡಿಮೆಯಾಗುತ್ತದೆ. ಅಂದರೆ ನಿಮ್ಮ ಕಣ್ಣು ನೀರಿನಿಂದ ಒಂದೂವರೆ ಮೀಟರು ಎತ್ತರದಲ್ಲಿದ್ದರೆ ಸುಮಾರು ಎರಡು ಮೀಟರು ದೂರದ ನೀರು ಚೆನ್ನಾಗಿ ಕಾಣುತ್ತದೆ. ಏರಿ ಎತ್ತರವಿದ್ದಷ್ಟೂ ಈ ದೂರ ಹೆಚ್ಚುತ್ತದೆ. ಆದ್ದರಿಂದ ಒಂದೇ ಕಡೆ ನಿಲ್ಲದೆ ಏರಿಯ ಸುತ್ತ ನಡೆದು ನೋಡಬೇಕು.

ಈಗ ಕೊಳ್ಳುವ ವಿಷಯಕ್ಕೆ ಬರೋಣ. ಈ ಲೇಖಕನೂ ಒಮ್ಮೆ ಜಾತ್ರೆಯಲ್ಲಿ ಚೀಟಿ ಅಂಟಿಸಿದ ಕನ್ನಡಕವೊಂದನ್ನು ನಂಬಿ ಕೊಂಡದ್ದುಂಟು. ಕೆರೆಯ ಬಳಿ ಹಾಕಿಕೊಂಡರೆ ನೀರು ಕಪ್ಪಾಯಿತು, ಹೊಳಪು ಹಾಗೆಯೇ ಉಳಿಯಿತು! ಚೀಟಿಯನ್ನು ನಂಬದೆ ಅಂಗಡಿಯಲ್ಲೇ ಪರೀಕ್ಷಿಸಿ. ಒಂದೇ ಬಗೆಯ ಎರಡು ಕನ್ನಡಕ ಕೇಳಿ ಪಡೆಯಿರಿ. ಒಂದರ ಗಾಜಿನ ಹಿಂದೆ ಇನ್ನೊಂದರ ಗಾಜನ್ನು ಹಿಡಿದು, ಒಂದನ್ನು ಕಾಲು ಸುತ್ತು ತಿರುಗಿಸಿ. ಎರಡೂ ಅಸಲಿಯಾಗಿದ್ದರೆ ಗಾಜು ಕಗ್ಗತ್ತಲಾಗುತ್ತದೆ. ಎರಡನೆಯದು ಸಿಗದಿದ್ದರೆ ಅಂಗಡಿಯವರ ಕ್ಯಾಲ್ಕುಲೇಟರನ್ನು ಕನ್ನಡಕದ ಮೂಲಕ ನೋಡುತ್ತಾ ಕನ್ನಡಕವನ್ನು ನಿಧಾನವಾಗಿ ತಿರುಗಿಸಿ. ಒಂದು ನಿಲುವಿನಲ್ಲಿ ಅಂಕಿಗಳ ಪರದೆ ಕಪ್ಪಾಗಬೇಕು. ಕೊನೆಗೆ ಕಣ್ಣಿಗೆ ಹಾಕಿಕೊಂಡು ನುಣುಪಾದ ನೆಲದ ಅಥವಾ ಗಾಜಿನ ಮೇಜಿನ ಹೊಳಪನ್ನು ಓರೆಯಾಗಿ ನೋಡಿ, ತಲೆಯನ್ನು ಭುಜದ ಕಡೆಗೆ ವಾಲಿಸಿ. ಅಡಗಿದ್ದ ಹೊಳಪು ಮರಳಿ ಬರಬೇಕು. ಸ್ಟೀಲು ಪಾತ್ರೆಯ ಮೇಲೆ ಈ ಪರೀಕ್ಷೆ ಮಾಡಬೇಡಿ. ಲೋಹದ ಹೊಳಪು ಈ ಕನ್ನಡಕಕ್ಕೆ ಬಗ್ಗುವುದಿಲ್ಲ.

ಹೊಳಪು ಹೋದ ಮಾತ್ರಕ್ಕೆ ಕಣ್ಣಿಗೆ ರಕ್ಷಣೆ ಸಿಕ್ಕಿತೆಂದು ಭಾವಿಸಬಾರದು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳನ್ನು ತಡೆಯುವ ಗುಣವೇ ಬೇರೆ. ಅದಕ್ಕಾಗಿ 'ಯುವಿ 400' ಎಂಬ ಗುರುತನ್ನು ಕೇಳಿ, ನಂಬಿಕೆಯ ಕನ್ನಡಕದ ಅಂಗಡಿಯಲ್ಲಿಯೇ ಕೊಳ್ಳಿ. ಬರೀ ಕಪ್ಪು ಗಾಜು ಹಾಕಿಕೊಂಡರೆ ಕತ್ತಲೆಂದು ತಿಳಿದು ಕಣ್ಣಿನ ಪಾಪೆ ಅಗಲವಾಗುತ್ತದೆ. ಕಿರಣಗಳಿಗೆ ತಡೆಯಿಲ್ಲದಿದ್ದರೆ ಅವು ಒಳಹೋಗಲು ಬಾಗಿಲು ತೆರೆದಂತೆ. ವರ್ಷಗಟ್ಟಲೆ ಬಿಸಿಲಿನಲ್ಲಿ ದುಡಿಯುವವರ ಕಣ್ಣಿನ ಬಿಳಿಭಾಗದಿಂದ ಕರಿಗುಡ್ಡೆಯ ಕಡೆಗೆ ಮಾಂಸದ ಪೊರೆ ಬೆಳೆಯುವುದನ್ನು ನೀವು ಕಂಡಿರಬಹುದು. ಕಣ್ಣಿನ ಪೊರೆ ಬೇಗ ಬರುವುದಕ್ಕೂ ಈ ಕಿರಣಗಳು ಒಂದು ಕಾರಣ.

ಬಣ್ಣದ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕೊಳ, ಕೆರೆ, ಹೊಳೆಗಳ ಹಸಿರು ನೀರಿಗೆ ಕಂದು ಬಣ್ಣ ಒಳ್ಳೆಯದು, ಮೀನಿನ ಮೈ ಬೇರೆಯಾಗಿ ಕಾಣುತ್ತದೆ. ಕಡಲಿಗೆ ಹೋಗುವವರು ಬೂದು ಬಣ್ಣ ಆರಿಸಬಹುದು. ಕಡುಪಿನ ಬಗ್ಗೆ ಚೀಟಿಯಲ್ಲಿ 3 ಎಂಬ ವರ್ಗಸಂಖ್ಯೆ ಇದ್ದರೆ ಶೇಕಡ 8ರಿಂದ 18ರಷ್ಟು ಬೆಳಕು ಒಳಬರುತ್ತದೆ. ನಮ್ಮ ಬಿಸಿಲಿಗೆ ಅಷ್ಟು ಸಾಕು. 4ನೆಯ ವರ್ಗದ್ದನ್ನು ಹಾಕಿಕೊಂಡು ವಾಹನ ಓಡಿಸಬಾರದು. ಗಾಜಿಗಿಂತ ಒಡೆಯದ ಪ್ಲಾಸ್ಟಿಕ್ ಮೇಲು, ಹಾರಿ ಬಂದ ಗಾಳದಿಂದಲೂ ಕಣ್ಣು ಉಳಿಯುತ್ತದೆ. ಈಗಾಗಲೇ ನಂಬರಿನ ಕನ್ನಡಕ ಧರಿಸುವವರು ಅದರ ಮೇಲೆ ಸಿಕ್ಕಿಸುವ ಬಗೆಯದನ್ನು ಕೊಳ್ಳಬಹುದು.

ಆದರೆ ಈ ಕನ್ನಡಕದಿಂದ ಕೆಸರು ನೀರು ತಿಳಿಯಾಗುವುದಿಲ್ಲ. ಮಳೆಗಾಲದ ಕೆಂಪು ನೀರಿನಲ್ಲಿ ಇದು ನಿರುಪಯೋಗಿ. ಬೆಳಗಿನ ಜಾವ ಆಮ್ಲಜನಕ ಸಾಲದೆ ಮೀನು ಮೇಲೆ ಬಂದು ಬಾಯಿ ತೆರೆಯುವುದನ್ನು ಬರಿಗಣ್ಣಿನಲ್ಲಿಯೇ ನೋಡಬೇಕು, ಆಗ ಇರುವ ಬೆಳಕೇ ಕಡಿಮೆ. ಕಪ್ಪುಬಿಳುಪು ತಟ್ಟೆಯನ್ನು ಇಳಿಸಿ ನೀರಿನ ಪಾರದರ್ಶಕತೆ ಅಳೆಯುವಾಗಲೂ ಕನ್ನಡಕ ತೆಗೆದಿಡಿ. ಹಾಕಿಕೊಂಡು ಅಳೆದರೆ ತಟ್ಟೆ ಇನ್ನೂ ಆಳದವರೆಗೆ ಕಾಣುತ್ತದೆ. 30-40 ಸೆಂ.ಮೀ. ಬಂತೆಂದು ನೆಮ್ಮದಿಯಿಂದ ಗೊಬ್ಬರ ಹಾಕಿಬಿಡುತ್ತೀರಿ. ನೀರು ಮಾತ್ರ ಅದಕ್ಕಿಂತ ಹೆಚ್ಚು ಹಸಿರಾಗಿರುತ್ತದೆ.

ಇನ್ನೊಂದು ಎಚ್ಚರಿಕೆ. ತಳ ಚೆನ್ನಾಗಿ ಕಂಡಿತೆಂದು ನೀರಿಗಿಳಿಯಬೇಡಿ. ನಾಲ್ಕು ಅಡಿ ಆಳದ ನೀರು ಮೇಲಿನಿಂದ ನೋಡಿದರೆ ಮೂರು ಅಡಿಯಂತೆ ಕಾಣುತ್ತದೆ, ಓರೆಯಾಗಿ ನೋಡಿದರೆ ಅದಕ್ಕೂ ಕಡಿಮೆ. ಈ ಭ್ರಮೆಯನ್ನು ಯಾವ ಕನ್ನಡಕವೂ ಸರಿಪಡಿಸಲಾರದು. ಇಳಿಯಲೇಬೇಕಾದರೆ ಮೊದಲು ಕೋಲಿನಿಂದ ಆಳ ನೋಡಿ.

ಮಣ್ಣಿನ ಕಣ ಕೂತಿರುವಾಗ ಪಂಚೆಯ ತುದಿಯಿಂದ ಒರೆಸಿದರೆ ಗೀರು ಬೀಳುತ್ತದೆ. ಮೊದಲು ಶುದ್ಧ ನೀರಿನಲ್ಲಿ ತೊಳೆದು, ಆಮೇಲೆ ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಕಾವಿಗೆ ಒಳಗಿನ ಹಾಳೆ ಬಿಡುವುದುಂಟು. ಹರಿಗೋಲಿನಲ್ಲಿ ಹೋಗುವವರು ಎರಡೂ ಕಡ್ಡಿಗಳಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ.