ಮನೆ ಮಾರಿಸುವ ಅಡುಗೆಕಟ್ಟೆ

ಹಳೆಯ ಮನೆ ಕೊಂಡು, ಒಳಗೆಲ್ಲ ಹೊಸದು ಮಾಡಿಸಿ, ಕೆಲವೇ ತಿಂಗಳಲ್ಲಿ ಮಾರಿಬಿಡುವ ವ್ಯಾಪಾರ ಅಮೆರಿಕದಲ್ಲಿ ದೊಡ್ಡದು. ಈ ವ್ಯಾಪಾರದವರಿಗೆ ಅಡುಗೆಮನೆಯ ಕಟ್ಟೆ ಬಹಳ ಮುಖ್ಯ. ವೈರಿಂಗಿಗೆ, ಕೊಳಾಯಿಗೆ ಸುರಿದ ಹಣ ನೋಡಲು ಬಂದವರ ಕಣ್ಣಿಗೆ ಬೀಳುವುದಿಲ್ಲ. ಮಿರುಗುವ ಕಲ್ಲು ಬೀಳುತ್ತದೆ.

ಮೊದಲು ಹೀಗಿರಲಿಲ್ಲ. ಎರಡನೇ ಮಹಾಯುದ್ಧದ ನಂತರ ಅಲ್ಲಿ ಸಾಲುಸಾಲಾಗಿ ಎದ್ದ ಮನೆಗಳ ಕಟ್ಟೆಗೆ ಹೆಚ್ಚಾಗಿ ಹೊದಿಸುತ್ತಿದ್ದದ್ದು ಫಾರ್ಮೈಕಾದಂಥ ಲ್ಯಾಮಿನೇಟ್ ಹಾಳೆ. 1912ರಲ್ಲಿ ಹರ್ಬರ್ಟ್ ಫೇಬರ್, ಡೇನಿಯಲ್ ಓಕಾನರ್ ಎಂಬ ಎಂಜಿನಿಯರುಗಳು ಅದನ್ನು ರೂಪಿಸಿದ್ದು ವಿದ್ಯುತ್ ಉಪಕರಣಗಳಿಗಾಗಿ, ಅಭ್ರಕದ ಬದಲಿಗೆ. ಅಗ್ಗದ್ದು, ಒರೆಸಲು ಸುಲಭ. ಆದರೆ ಸಿಂಕಿನ ಸಂದಿಯಲ್ಲಿ ನೀರು ಇಳಿದರೆ ಕೆಳಗಿನ ಹಲಗೆ ಉಬ್ಬಿ, ಹಾಳೆ ಎದ್ದುಬರುತ್ತದೆ.

ಗ್ರಾನೈಟ್ ಆಗ ಬ್ಯಾಂಕು, ಸ್ಮಾರಕ, ಸಿರಿವಂತರ ಬಂಗಲೆಗಳ ಕಲ್ಲು. ವಜ್ರದ ಹಲ್ಲಿನ ಗರಗಸ ಮತ್ತು ಕಂಟೇನರ್ ಹಡಗು ಅದನ್ನು ಮಧ್ಯಮ ವರ್ಗದ ಮನೆಗೆ ತಂದವು. ಬ್ರೆಜಿಲ್ ಮತ್ತು ಭಾರತದಿಂದ ಕಲ್ಲು ಹೋಯಿತು. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ಗ್ರಾನೈಟುಗಳಿಗೆ ಹೊರದೇಶಗಳಲ್ಲಿ ಹೆಸರಾಯಿತು. ನಮ್ಮಲ್ಲಿ ಕೆಳಗೆ ಕಡಪ ಕಲ್ಲು ಕೊಟ್ಟು ಮೇಲೆ ಗ್ರಾನೈಟ್ ಕೂರಿಸುವುದು ರೂಢಿ. ಅಲ್ಲಿ 3 ಸೆಂಟಿಮೀಟರ್ ದಪ್ಪದ ಚಪ್ಪಡಿ ನೇರ ಮರದ ಕಪಾಟಿನ ಮೇಲೆಯೇ ಕೂರುತ್ತದೆ.

1994ರಲ್ಲಿ ಮನೆಗೆಂದೇ ಮೀಸಲಾದ ಎಚ್‌ಜಿಟಿವಿ ವಾಹಿನಿ ಶುರುವಾಯಿತು. 2005ರಲ್ಲಿ ಇನ್ನೊಂದು ವಾಹಿನಿ ‘ಫ್ಲಿಪ್ ದಿಸ್ ಹೌಸ್’ ತೋರಿಸತೊಡಗಿತು. ಹಳೆ ಕಟ್ಟೆ ಒಡೆಯುವುದು, ಹೊಸ ಕಲ್ಲು ಕೂರುವುದು, ಬೆಲೆ ಏರುವುದು: ಮೂರನ್ನೂ ಜನ ಒಂದೇ ಕಂತಿನಲ್ಲಿ ನೋಡಿದರು. ಗ್ರಾನೈಟ್ ಇದೆ ಎನ್ನುವುದು ಮಾರಾಟದ ಜಾಹೀರಾತಿನ ಮಾತಾಯಿತು.

ಈಗ ಆ ಜಾಗಕ್ಕೆ ಕ್ವಾರ್ಟ್ಜ್ ಬಂದಿದೆ. ಕಲ್ಲಿನ ಪುಡಿಯನ್ನು ರಾಳದಲ್ಲಿ ಕಲಸಿ ಒತ್ತಿದ ಚಪ್ಪಡಿ ಅದು. ಈ ಯಂತ್ರವಿದ್ಯೆ ಇಟಲಿಯ ಬ್ರೆಟನ್ ಕಂಪನಿಯದು. ಒಂದೇ ಸಮನಾದ ಬಿಳಿ ಬಣ್ಣ, ಫೋಟೋದಲ್ಲಿ ಚೆಂದ. ಕಾದ ಬಾಣಲೆ ಇಟ್ಟರೆ ಮಾತ್ರ ರಾಳ ಸುಟ್ಟು ಕಲೆ ಉಳಿಯುತ್ತದೆ. ಮಾರುವವರು ಆ ಕಟ್ಟೆಯ ಮೇಲೆ ಅಡುಗೆ ಮಾಡುವವರಲ್ಲ. ದಿನಾ ಒಗ್ಗರಣೆ ಹಾಕುವ ಮನೆಗೆ ನನ್ನ ಆಯ್ಕೆ ಈಗಲೂ ಗ್ರಾನೈಟೇ.

ಇದಕ್ಕಿಂತ ದೊಡ್ಡ ಮಾತು ದೂಳಿನದು. ಇಂಥ ಕ್ವಾರ್ಟ್ಜ್ ಚಪ್ಪಡಿಯಲ್ಲಿ ಸಿಲಿಕಾ ಶೇ 90ನ್ನೂ ಮೀರಬಹುದು. ಒಣಗಿದ್ದಾಗಲೇ ಕೊಯ್ದರೆ ಏಳುವ ನುಣುಪು ದೂಳು ಕೆಲಸಗಾರರ ಶ್ವಾಸಕೋಶ ಸೇರಿ ಸಿಲಿಕೋಸಿಸ್ ತರುತ್ತದೆ. ಅದು ವಾಸಿಯಾಗುವ ಕಾಯಿಲೆಯಲ್ಲ. ಎಳೆಯ ವಯಸ್ಸಿನ ಕೆಲಸಗಾರರೂ ಅದಕ್ಕೆ ತುತ್ತಾದದ್ದನ್ನು ಕಂಡ ಆಸ್ಟ್ರೇಲಿಯಾ, 2024ರ ಜುಲೈ 1ರಿಂದ ಈ ಕೃತಕ ಕಲ್ಲನ್ನೇ ನಿಷೇಧಿಸಿತು. ಗ್ರಾನೈಟಿನಲ್ಲೂ ಸಿಲಿಕಾ ಇದೆ, ಪ್ರಮಾಣ ಕಡಿಮೆ ಅಷ್ಟೆ. ನಿಮ್ಮ ಮನೆಯಂಗಳದಲ್ಲಿ ಯಾರಾದರೂ ಸಿಂಕಿಗೆ ಕಲ್ಲು ಕೊಯ್ಯುತ್ತಿದ್ದರೆ, ನೀರು ಬಿಟ್ಟುಕೊಂಡೇ ಕೊಯ್ಯಿಸಿ. ದೂಳು ತಡೆಯುವ ಒಳ್ಳೆಯ ಮಾಸ್ಕನ್ನು ನೀವೇ ತಂದುಕೊಡಿ.